ಫ್ಯಾಮಿಲಿ ಪ್ಲಾನಿನ ಹಿರೀಮಗಳು

ಸ್ವಲ್ಪ ಹತ್ತಿರ ಬನ್ನಿ. ಆ ಬಾಗಿಲೂ ಹಾಕಿಬಿಡಿ. ಇದು ನಿಮ್ಮ ಕಿವಿ ದಾಟಿ ಆಚೆ ಹೋಯಿತೋ, ಹೇಳಿದವಳು ನಾನಲ್ಲ.

ಅಮೆರಿಕದ ಜರ್ಮನ್‌ಟೌನಿನ ಕೃಷ್ಣಪ್ರಸಾದರಿಗೆ ನಾಲ್ಕು ಮಕ್ಕಳು. ನಾಲ್ವರಲ್ಲಿ ಒಬ್ಬರೂ ಅವರ ಹೆಂಡತಿ ಊರ್ಮಿಳಾಗೆ ಹುಟ್ಟಿದವರಲ್ಲ. ಎಲ್ಲರೂ ಮೊಬೈಲ್ ಕಂಪನಿಯ ಫ್ಯಾಮಿಲಿ ಪ್ಲಾನಿನಲ್ಲಿ ಹುಟ್ಟಿದವರು. ಲೈನು ಹೆಚ್ಚಿದಷ್ಟೂ ಅಗ್ಗ ಎಂದು ಅಪಾರ್ಟ್‌ಮೆಂಟಿನ ಅಕ್ಕಪಕ್ಕದವರನ್ನು ಸೇರಿಸಿಕೊಂಡು, ಫಾರಮಿನಲ್ಲಿ ಸಂಬಂಧ ಕೇಳಿದ ಕಡೆ ಮಗ, ಮಗಳು ಎಂದು ತುಂಬಿದ್ದರು. ಎದುರುಮನೆ ಸಿದ್ದೇಶ್ವರಿಗೆ ಗಂಡ, ಒಂದು ಕೂಸು, ರಾಕ್‌ವಿಲ್ ಲ್ಯಾಬಿನಲ್ಲಿ ಕೆಲಸ, ಎಲ್ಲ ಇದ್ದರೂ ಫಾರಮಿನ ಪ್ರಕಾರ ಅವಳು ಮಗಳೇ.

ಈ ಮಾರ್ಚಿಗೆ ಮೂರು ವರ್ಷದ ಕಾಂಟ್ರಾಕ್ಟು ಮುಗಿಯುವುದಿತ್ತು. ಮೂವತ್ತೊಂದರೊಳಗೆ ಬಿಡದಿದ್ದರೆ ಮತ್ತೆ ಮೂರು ವರ್ಷ ತಾನಾಗಿ ಅಂಟಿಕೊಳ್ಳುತ್ತದೆ. ಸಿದ್ದೇಶ್ವರಿಗೆ ಬಿಡಲೇಬೇಕಿತ್ತು. ಲ್ಯಾಬಿನ ಬೇಸ್‌ಮೆಂಟಿನಲ್ಲಿ ಆ ಕಂಪನಿಯ ಸಿಗ್ನಲ್ ಇಲ್ಲ. ಮಗಳು ನಿಧಿಗೆ ಶಾಲೆಯಲ್ಲಿ ಉಬ್ಬಸ ಬಂದು ನರ್ಸು ಎರಡು ಸಲ ಫೋನ್ ಮಾಡಿದ್ದು ಅವಳಿಗೆ ಗೊತ್ತಾದದ್ದು ಸಂಜೆ. ಕಂಪನಿ ಬದಲಾಗಬೇಕು, ನಂಬರು ಬದಲಾಗಬಾರದು. ಶಾಲೆ, ಬ್ಯಾಂಕು, ಗ್ರೀನ್ ಕಾರ್ಡಿನ ವಕೀಲ, ಎಲ್ಲರ ಹತ್ತಿರ ಇರುವುದು ಅದೇ. ನಂಬರು ಬಿಡಿಸುವ ಪಿನ್ ಮಾತ್ರ ಕೃಷ್ಣಪ್ರಸಾದರ ಕೈಯಲ್ಲಿ.

"ಅಂಕಲ್, ಪಿನ್ ಒಂದು ಕೊಟ್ಬಿಡಿ, ಪೋರ್ಟ್ ಮಾಡ್ಕೋತೀನಿ."

"ಹಾಗೆಲ್ಲ ಬಾಯಿಮಾತಲ್ಲಿ ಆಗಲ್ಲಮ್ಮ. ಪ್ರೊಸೀಜರ್ ಇದೆ."

ಮಧ್ಯಾಹ್ನದವರೆಗೆ ಅಂಥ ಪ್ರೊಸೀಜರ್ ಯಾವುದೂ ಇರಲಿಲ್ಲ. ಸಂಜೆ ವಾಟ್ಸಾಪಿನಲ್ಲಿ ಬಂತು:

"ಪ್ರಕಟಣೆ. ಕುಟುಂಬದ ಸಮಸ್ತ ಸದಸ್ಯರಿಗೆ ತಿಳಿಯಪಡಿಸುವುದೇನೆಂದರೆ, ಅವಧಿ ಮುಗಿದ ಮಾತ್ರಕ್ಕೆ ರಕ್ತಸಂಬಂಧ ಮುಗಿಯತಕ್ಕದ್ದಲ್ಲ. ಕುಟುಂಬ ತೊರೆಯಬಯಸುವ ಮಗಳು ತತ್ಸಮಾನ ಮಗಳೊಬ್ಬಳನ್ನು ಒದಗಿಸತಕ್ಕದ್ದು. ವಯೋಮಿತಿ ಇರುವುದಿಲ್ಲ. ಗಂಡಸರು ಮಗಳಾಗಬಹುದೇ ಎಂಬುದು ಪರಿಶೀಲನೆಯಲ್ಲಿದೆ."

ಒಟ್ಟು ಆರು ಲೈನಿದ್ದರೆ ಕೃಷ್ಣಪ್ರಸಾದ ಗಂಡಹೆಂಡಿರ ಎರಡೂ ಲೈನು ಪುಕ್ಕಟೆ ಎನ್ನುವುದನ್ನು ಪ್ರಕಟಣೆಯಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯ ಕಂಡುಬರಲಿಲ್ಲ.

ಮೂವತ್ತನೇ ತಾರೀಖು ಕ್ಲಬ್‌ಹೌಸಿನಲ್ಲಿ ಕುಟುಂಬದ ಸಭೆ. ಸಿದ್ದೇಶ್ವರಿ ಎಲ್ಲೆಲ್ಲೋ ಹುಡುಕಿ, ಯಾರೂ ಸಿಗದೆ, ಗದಗಿನಿಂದ ಬಂದಿದ್ದ ತನ್ನ ತಾಯಿ ಶಾಂತವ್ವನನ್ನೇ ಕೈಹಿಡಿದು ಕರೆತಂದಳು.

ಎರಡನೇ ಮಗ ಧೀರಜ್ ತಕರಾರು ತೆಗೆದ. "ಆಂಟಿ ವೀಸಾ ಆರೇ ತಿಂಗಳು. ಕಾಂಟ್ರಾಕ್ಟ್ ಮೂರು ವರ್ಷ."

"ಮಗಳು ದೂರ ಇದ್ದ ತಕ್ಷಣ ಮಗಳಲ್ವೇನಪ್ಪ?" ಎಂದರು ಕೃಷ್ಣಪ್ರಸಾದ. "ಲೈನ್ ಇಲ್ಲಿದ್ರೆ ಸಾಕು."

ಶಾಂತವ್ವ ಕೃಷ್ಣಪ್ರಸಾದರನ್ನು ಮೇಲಿಂದ ಕೆಳಗೆ ನೋಡಿದರು. "ನಿಮಗೆಷ್ಟ್ರೀ ವಯಸ್ಸು, ತಮ್ಮಾ?"

"ಐವತ್ತೆರಡು."

"ನನಗ ಅರವತ್ತೊಂಬತ್ತು. ಹಂಗಾರ ನಾನ ಹಿರೀಮಗಳು ಅಂತ ಬರಕೋರಿ. ಆಮ್ಯಾಲೆ ತಕರಾರು ಬ್ಯಾಡ."

ಹಾಗೆಯೇ ಬರೆದುಕೊಳ್ಳಲಾಯಿತು. ಅದುವರೆಗೆ ಹಿರೀಮಗನಾಗಿದ್ದ ಬಸವಕುಮಾರ್ ಮುಖ ಊದಿಸಿಕೊಂಡ. ಅವನಿಗೆ ಇನ್ನೊಂದು ಸಮೋಸ ಕೊಟ್ಟ ಮೇಲೆ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ಕೃಷ್ಣಪ್ರಸಾದರು ಪಿನ್ನನ್ನು ಚೀಟಿಯಲ್ಲಿ ಬರೆದು, ಎಲೆ ಅಡಿಕೆಯ ಜೊತೆ, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ ಕೊಟ್ಟರು. ಧೀರಜ್ ಫೋಟೋ ತೆಗೆದ.

ಬುಧವಾರ ಬೇಸ್‌ಮೆಂಟಿನಲ್ಲಿ ಸಿದ್ದೇಶ್ವರಿಯ ಫೋನು ಮೊದಲ ಸಲ ರಿಂಗಾಯಿತು. ನಿಧಿ ಇನ್‌ಹೇಲರ್ ಮನೆಯಲ್ಲೇ ಬಿಟ್ಟು ಬಂದಿದ್ದಾಳೆ ಎಂದು ನರ್ಸು. ಹನ್ನೆರಡು ನಿಮಿಷದಲ್ಲಿ ಶಾಲೆಯ ಮುಂದಿದ್ದಳು, ಲ್ಯಾಬಿನ ಕೋಟು ಬಿಚ್ಚದೆ, ಕಾರಿನಲ್ಲೇ ಇದ್ದ ಇನ್ನೊಂದು ಇನ್‌ಹೇಲರ್ ಹಿಡಿದುಕೊಂಡು. ವಾಪಸ್ಸು ಬರುವಾಗ, ಅಂತೂ ಆ ಕುಟುಂಬದಿಂದ ಬಿಡುಗಡೆ ಸಿಕ್ಕಿತು ಅಂತ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದಳಂತೆ.

ಶನಿವಾರ ಬೆಳಿಗ್ಗೆ ಸಿದ್ದೇಶ್ವರಿ ಕಸದ ಚೀಲ ಹಿಡಿದು ಹೊರಗೆ ಬಂದರೆ ಎದುರುಬಾಗಿಲಲ್ಲಿ ಊರ್ಮಿಳಾ ನಿಂತಿದ್ದಳು. ಮುಖಕ್ಕೆ ಮುಖ ಕೊಟ್ಟೇ ಹೇಳಿದಳು:

"ಬಿಟ್ಟು ಹೋದೆ ಅಂದ್ಕೊಂಡಿದೀಯೇನೇ? ನಿಮ್ಮಮ್ಮ ಈಗ ನನ್ನ ಮಗಳು, ಅಂದ್ರೆ ನೀನು ನಂಗೆ ಮೊಮ್ಮಗಳು. ಹೇಗೂ ಕೆಳಗೆ ಹೋಗ್ತಿದೀಯಲ್ಲ, ಅಜ್ಜಿಮನೆ ಕಸಾನೂ ತಗೊಂಡ್ಹೋಗು."