ಕಾಕಾನ ಪಾಕ, ಕಾಕುವಿನ ತೀರ್ಪು

ಇಡೀ ಲಂಡನ್ನಿನಲ್ಲಿ ಮರದಿಂದ ಬೆಲ್ಲ ಕರೆಯುವ ಮನುಷ್ಯ ಒಬ್ಬನೇ ಇದ್ದಾನೆ, ಆ ಮಹಾನುಭಾವ ನನ್ನ ಕಾಕಾನೇ ಆಗಿರಬೇಕೆ! ಚಳಿಗಾಲದ ಮುಂಜಾನೆ ಇಲ್ಫರ್ಡಿನ ಅವನ ಮನೆಯ ಹಿತ್ತಲಿಗೆ ಹೋಗಿ ನೋಡಿ. ಮಂಕಿ ಕ್ಯಾಪ್ ಹಾಕಿಕೊಂಡು, ಮರಕ್ಕೆ ಕಟ್ಟಿದ ಬಕೆಟ್ಟಿನ ಮುಂದೆ ಸ್ಟೂಲ್ ಇಟ್ಟುಕೊಂಡು ಕೂತಿರುತ್ತಾನೆ. ಹಾಲು ಕರೆಯುವ ಮುಂಚೆ ಎಮ್ಮೆಯ ಬೆನ್ನು ಚಪ್ಪರಿಸುವಂತೆ ಮರವನ್ನು ಚಪ್ಪರಿಸಿ, "ಇಳಿಯವ್ವಾ, ಇಳಿ" ಎಂದು ರಮಿಸುತ್ತಿರುತ್ತಾನೆ. (ನಮ್ಮ ಬೆಳಗಾವಿ ಕಡೆ ಕಾಕಾ ಅಂದರೆ ಚಿಕ್ಕಪ್ಪ, ನಾವು ಮಕ್ಕಳು ಅವನನ್ನು ಏಕವಚನದಲ್ಲಿ ಕರೆಯುವುದೇ ಪ್ರೀತಿ. ಬಹುವಚನ ಬಂತೆಂದರೆ ಜಗಳ ಹತ್ತಿದೆ ಎಂದರ್ಥ!)

ಶುರುವಾಗಿದ್ದು ಅಂಗಡಿಯಿಂದ ತಂದ ಒಂದು ಬಾಟಲಿ ಮೇಪಲ್ ಸಿರಪ್‌ನಿಂದ. ಕಾಕಾ ಅದನ್ನು ಚಪಾತಿಗೆ ಸುರಿದುಕೊಂಡು ಒಂದು ತುತ್ತು ತಿಂದವನೇ ಎದ್ದು ನಿಂತ. "ಇದು ನಮ್ಮ ಜೋನಿಬೆಲ್ಲಾನ ಅಲ್ಲೇನು! ಕಬ್ಬಿನ ಬದಲಿ ಗಿಡದ್ದು, ಅಷ್ಟ!" ಅವನ ಹಿತ್ತಲಲ್ಲೋ, ಎಲೆ ಉದುರಿಸುವುದು ಬಿಟ್ಟು ಬೇರೆ ಕಸುಬಿಲ್ಲದ ಒಂದು ಮೇಪಲ್ ಮರ ಬಹಳ ದಿನದಿಂದ ನಿಂತಿತ್ತು. ಅದರ ಗ್ರಹಚಾರ ಅಂದೇ ಕೆಟ್ಟಿತು.

ಇಲ್ಲಿ ಕಾಕಾನ ಹೆಂಡತಿ ಕಾಕುವಿನ ಬಗ್ಗೆ ಹೇಳಲೇಬೇಕು. ಅವಳ ತವರಿನಲ್ಲಿ ಕಬ್ಬಿನ ಗಾಣವಿತ್ತು. ಬೆಲ್ಲದ ವಿಷಯದಲ್ಲಿ ಅವಳ ನಾಲಿಗೆಯೇ ಹೈಕೋರ್ಟು, ಮೇಲೆ ಅಪೀಲಿಲ್ಲ. ಲಗ್ನವಾದಂದಿನಿಂದ ಕಾಕಾ ಮಾಡಿದ ಯಾವುದಕ್ಕೂ ಅವಳು "ಛಲೋ ಆಗೇದ" ಅಂದವಳಲ್ಲ. ಚಹಾ ಮಾಡಿದರೆ "ಪಾತ್ರಿ ತೊಳದ ನೀರು", ಉಪ್ಪಿಟ್ಟು ಮಾಡಿದರೆ "ಹಕ್ಕಿಗೆ ಹಾಕ್ರಿ". ಸಾಯುವುದರೊಳಗೆ ಅವಳ ಬಾಯಿಂದ ಒಮ್ಮೆ ಆ ಮಾತು ಕೇಳಬೇಕೆಂಬುದೇ ಕಾಕಾನ ಹಟ. ಬಕೆಟ್ಟು, ನಳಿಕೆ, ಮರಕ್ಕೆ ಕೊರೆದ ತೂತು ಎಲ್ಲವೂ ಅದಕ್ಕಾಗಿಯೇ.

ಮೊದಲ ಚಳಿಗಾಲ. ಮೇಪಲ್ ಮರದ ರಸ ನೀರಿಗಿಂತ ತೆಳು. ಬಕೆಟ್ಟುಗಟ್ಟಲೆ ಕುದಿಸಿದರೆ ಒಂದು ಸೌಟು ಸಿರಪ್ ಆದೀತು. ಆ ಹಬೆಗೆ ಅಡುಗೆಮನೆಯ ವಾಲ್‌ಪೇಪರ್ ತಾನಾಗಿಯೇ ಕಳಚಿ ಕೆಳಗೆ ಬಂತು. "ಹೊಸಾದು ಹಚ್ಚಬೇಕಂತಿದ್ದಿ ಹೌದಿಲ್ಲೋ?" ಎಂದು ಕಾಕುವನ್ನೇ ಕೇಳಿದ ಕಾಕಾ! ಅಷ್ಟಕ್ಕೇ ಬಿಟ್ಟನೆ? ಬೆಲ್ಲ ಕಾಯಿಸುವಾಗ ಬೆಂಡೆಯ ಲೋಳೆ ಹಾಕಿದರೆ ಕೊಳೆಯೆಲ್ಲ ಮೇಲೆ ತೇಲುತ್ತದೆ ಎಂದು ಗಾಣದವರು ಹೇಳಿದ್ದು ನೆನಪಾಗಿ, ಬೆಂಡೆಕಾಯಿ ತಂದು ಜಜ್ಜಿ, ಬೊಗಸೆಗಟ್ಟಲೆ ಹಾಕಿದ. ಬಟ್ಟೆಯಲ್ಲಿ ಸೋಸಲು ಕೂತರೆ ಪಾಕ ಕೆಳಗೂ ಬೀಳದು, ಮೇಲೂ ಹೋಗದು, ದಾರದಂತೆ ನೇತಾಡುತ್ತದೆ! ಕಾಕು ಬೆರಳಿಂದ ನೆಕ್ಕಿ ತೀರ್ಪು ಕೊಟ್ಟಳು: "ಬೆಂಡಿಕಾಯಿ ಸಾರು ಸಿಹಿ ಆಗೇದ. ಅನ್ನಕ್ಕ ಹಾಕ್ಕೊಂಡು ಉಣ್ರಿ."

ಮರುವರ್ಷ ಬೆಂಡೆಕಾಯಿಗೆ ರಜೆ. ಆದರೆ ಸಿರಪ್‌ನಲ್ಲಿ ಮರಳಿನಂಥ ಗಸಿ ಉಳಿಯುತ್ತದೆ, ಬಿಸಿಬಿಸಿ ಇರುವಾಗಲೇ ದಪ್ಪ ಬಟ್ಟೆಯಲ್ಲಿ ಸೋಸಬೇಕು. ಕಾಕಾ ಟ್ರಂಕು ತೆಗೆದು ತನ್ನ ಲಗ್ನದ ಧೋತರವನ್ನೇ ಹೊರತಂದ. ನಾಲ್ಕು ಮಡಿಕೆ ಮಾಡಿ ಎರಡು ಕುರ್ಚಿಗಳ ನಡುವೆ ಕಟ್ಟಿ ಸುರಿದದ್ದೇ ಸುರಿದದ್ದು. ಕನ್ನಡಿಯಂಥ ಸಿರಪ್ ಇಳಿಯಿತು! ಕಾಕು ಬಾಯಿಗಿಡುವ ಮೊದಲೇ ಮೂಗು ಮುಚ್ಚಿಕೊಂಡಳು. "ಡಾಂಬರ ಗುಳಿಗಿ ಕರಗಿಸೀರೇನು?" ಧೋತರ ಇಷ್ಟು ವರ್ಷ ಟ್ರಂಕಿನಲ್ಲಿ ಆ ನುಸಿಗುಳಿಗೆಗಳ ಜೊತೆಗೇ ಸಂಸಾರ ಮಾಡಿತ್ತಲ್ಲ!

ಮೂರನೆಯ ಸಲ ಸೋಸುವುದು ಸರಿಹೋಯಿತು, ಬಾಟಲಿಗೆ ತುಂಬುವುದು ಕೈಕೊಟ್ಟಿತು. ಇದು ಕಾಕಾನಿಗೆ ನಿಜವಾದ ಅವಮಾನ. ಏಕೆಂದರೆ ಪಾರ್ಕ್ ರಾಯಲ್‌ನ ಚಟ್ನಿ ಫ್ಯಾಕ್ಟರಿಯಲ್ಲಿ ಅವನು ನಿವೃತ್ತಿಯವರೆಗೂ ಬಾಟಲಿ ತುಂಬಿಸಿದವನು. ಮನೆಯಲ್ಲೂ ಬಾಟಲಿ ಮುಟ್ಟುವ ಮುನ್ನ ತಲೆಗೆ ಹೇರ್‌ನೆಟ್ ಹಾಕುತ್ತಾನೆ. ತಲೆಯಲ್ಲಿ ಕೂದಲೇ ಇಲ್ಲ, ಅದು ಬೇರೆ ಮಾತು! ಅಂದು ಬೆಲ್ಲದ ಪಾಕ ನೋಡುವಂತೆ ತಣ್ಣೀರಿಗೆ ಹನಿ ಬಿಟ್ಟು, ಅದು ಉಂಡೆಯಾಗುವ ತನಕ ಕಾಯಿಸಿ ತುಂಬಿಟ್ಟ. ಬೆಳಗಾಗುವಷ್ಟರಲ್ಲಿ ಬಾಟಲಿಯೊಳಗೆ ಕಲ್ಲು. ಕಾಕು ಬಾಟಲಿಯನ್ನು ಮೇಜಿಗೆ ಕುಟ್ಟಿ ನೋಡಿ, "ಇಟ್ಟಂಗಿ ಭಟ್ಟಿ ಯಾವಾಗ ಹಾಕಿದ್ರಿ?" ಅಂದಳು.

ಈ ಚಳಿಗಾಲ ಶುರುವಾಗುವಾಗ ಕಾಕುವಿಗೆ ಜೋರು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಒಯ್ದಿತು. ಜಿಪಿ ಡಾಕ್ಟರು, "ಮರಳಿ ಬರಬಹುದು, ಬರದೆಯೂ ಇರಬಹುದು, ಕಾಯಿರಿ" ಎಂದರು. ಉಪ್ಪಿನಕಾಯಿಯೂ ಮಣ್ಣು, ಪೇಡೆಯೂ ಮಣ್ಣು. ಆದರೂ ಅಂದಾಜಿನ ಮೇಲೆ ಅಡುಗೆ ಮಾಡುತ್ತಿದ್ದಳು. ಉಪ್ಪು ಜಾಸ್ತಿಯಾದ ಸಾರನ್ನು ಕಾಕಾ ಎರಡನೇ ಸಲ ಹಾಕಿಸಿಕೊಂಡು ಉಣ್ಣುವುದನ್ನು ನಾನೇ ನೋಡಿದ್ದೇನೆ.

ಮರಕ್ಕೆ ಮಾತ್ರ ಈ ವರ್ಷವೂ ಬಿಡುವಿಲ್ಲ. ಈ ಸಲ ಕಾಕಾ ಥರ್ಮಾಮೀಟರ್ ತಂದ. ಹೊಸ ಬಟ್ಟೆಯನ್ನು ಬರೀ ಬಿಸಿನೀರಿನಲ್ಲಿ ತೊಳೆದು ಸೋಸಿದ. ಬಿಸಿ ಸಿರಪ್ ತುಂಬಿ, ಬಿರಡೆ ಬಿಗಿದು, ಮುಚ್ಚಳಕ್ಕೂ ಕಾವು ಮುಟ್ಟಲೆಂದು ಬಾಟಲಿಗಳನ್ನು ಅಡ್ಡ ಮಲಗಿಸಿದ. ಜೇನಿನ ಬಣ್ಣ! ನಾನು ನೆಕ್ಕಿ ನೋಡಿದೆ. ಬಾಟಲಿ ತೊಳೆಯುವ ಗಡಿಬಿಡಿಯಲ್ಲಿ ಕೊನೆಗೆ ತಳ ಒಂದು ಚೂರು ಹತ್ತಿತ್ತು, ಸೀದ ವಾಸನೆ ಇತ್ತು. ಅವನ ಮುಖ ನೋಡಿ ಇನ್ನೊಂದು ಚಮಚ ಕೇಳಿ ನೆಕ್ಕಿದೆ.

ಕಾಕು ಚಮಚ ಬಾಯಿಗಿಟ್ಟಳು, ಚಪ್ಪರಿಸಿದಳು. "ಛಲೋ ಆಗೇದರೀ."

ನಾನು ಪೆದ್ದಿಯ ಹಾಗೆ ಚಪ್ಪಾಳೆ ತಟ್ಟಿದೆ! ಕಾಕಾ ನಗಲಿಲ್ಲ. ಹೇರ್‌ನೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ. "ನನ್ನ ಮುಂದ ಎಂದೂ ಸುಳ್ಳ ಹೇಳಿದಾಕಿ ಅಲ್ಲ ನೀ."

"ನಿಮ್ಮ ಮಾರಿ ನೋಡಿ ಹೇಳಿದ್ನಿರೀ," ಎಂದಳು ಕಾಕು. "ನಾಲಿಗಿಗೆ ಏನೂ ಹತ್ತಲಿಲ್ಲ."

ಅಷ್ಟು ವರ್ಷ ಕಾದ ಮಾತು ಕೊನೆಗೂ ಬಂತು, ಹೀಗೆ ಬಂತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಡುವಾಗ ನನಗೊಂದು ಬಾಟಲಿಯಾದರೂ ಕೊಡು ಎಂದೆ. "ತೀರ್ಪು ಬಂದಿಲ್ಲ, ಹ್ಯಾಂಗ ಕೊಡಲಿ?" ಎಂದು ಎಲ್ಲವನ್ನೂ ಕಪಾಟಿನಲ್ಲಿಟ್ಟ. ಅಂದಿನಿಂದ ದಿನಾ ಬೆಳಿಗ್ಗೆ ಚಹಾಕ್ಕೆ ಮುಂಚೆ ಕಾಕುವಿಗೆ ಒಂದು ಚಮಚ. ಅವಳು ನಾಲಿಗೆಗೆ ಇಟ್ಟುಕೊಂಡು ತಲೆ ಅಲ್ಲಾಡಿಸುವಳು, ಇವನು ಚಮಚ ತೊಳೆದಿಡುವನು.

ಹಿತ್ತಲ ಮರ ಚಿಗುರಿದ ಮೇಲೆ ಒಂದು ದಿನ, ಕೆಲಸಕ್ಕೆ ಹೊರಟು ಇಲ್ಫರ್ಡ್ ಸ್ಟೇಷನ್ನಿನಲ್ಲಿ ನಿಂತಿದ್ದೆ, ಫೋನು ಬಂತು. ಕಾಕಾನದು. "ಏ ಹುಡುಗೀ, ನಿಮ್ಮ ಕಾಕು ಬೈದಳು!"

"ಏನಂತ ಬೈದಳು ಕಾಕಾ?"

"'ತಳಾ ಹತ್ತಿಸೀರಿ, ಸೀದ ವಾಸನಿ ಬರ್ತದ, ಇದನ್ನ ಯಾರು ತಿನ್ನಬೇಕು' ಅಂದಳು!"

ನನ್ನ ರೈಲು ಬಂತು, ಹೋಯಿತು. ಕಣ್ಣೊರೆಸಿಕೊಳ್ಳುತ್ತ ಬೆಂಚಿನ ಮೇಲೆ ಕೂತೇಬಿಟ್ಟೆ. ಆಚೆಯಿಂದ ಕಾಕು, "ಊರ ತುಂಬಾ ಡಂಗುರಾ ಸಾರ್ರಿ! ಎಷ್ಟು ದಿನಾ ತಿನಿಸೀರಿ ಈ ಸೀದದ್ದನ್ನ?" ಎಂದು ಕೂಗಾಡುತ್ತಿದ್ದಳು. ಕಾಕಾ, ನನಗೂ ಚೆನ್ನಾಗಿ ಕೇಳಲಿ ಎಂದು ಫೋನನ್ನು ಅವಳ ಕಡೆ ಹಿಡಿದು ನಿಂತಿದ್ದ.