ನಾನು ಒರೆಸಿದ ಗೆಲಾಕ್ಸಿ

ಚೌಕಾಸಿ ಮಾಡುವುದು ಹೇಗೆಂದು ನಮ್ಮ ತಾರ್ನಾಕ ಬಡಾವಣೆಯ ಅರ್ಧ ಜನ ನನ್ನನ್ನು ಕೇಳುತ್ತಾರೆ. ಉಳಿದವರಿಗೆ ಕೇಳದೆಯೇ ಹೇಳುತ್ತೇನೆ!

ಹೈದರಾಬಾದು ಆಂಧ್ರದ ರಾಜಧಾನಿಯಾಗಿದ್ದ ಕಾಲ. ಯುಗಾದಿಗೆ ನಮ್ಮ ಕನ್ನಡಿಗರ ಸಂಘದಿಂದ ಮನೆಯಂಗಳದ ರಂಗೋಲಿ ಸ್ಪರ್ಧೆ. ಪ್ರತಿ ಸಲವೂ ಮೊದಲ ಬಹುಮಾನ ಪಕ್ಕದ ಮನೆ ಕುಲಕರ್ಣಿ ಬಾಯಿಯವರ ನವಿಲಿಗೆ. ಈ ಸಲ ಗೆದ್ದೇ ಗೆಲ್ಲುತ್ತೇನೆಂದು ನನ್ನ ಹೆಂಡತಿ, ವಿಜ್ಞಾನದ ಟೀಚರ್ ಸುಮಿತ್ರಾ, ಬೆಳಗಿನಿಂದ ಬಗ್ಗಿ ಕೂತು ಅಂಗಳದಲ್ಲಿ ಎರಡು ಗೆಲಾಕ್ಸಿಗಳನ್ನು ಬಿಡಿಸಿದಳು.

"ನಕ್ಷತ್ರಗಳ ಎರಡು ಸುಳಿ ಡಿಕ್ಕಿ ಹೊಡ್ಯಾಕತ್ತಾವ್ರಿ," ಎಂದಳು.

"ನಕ್ಷತ್ರ ಒಡೀತಾವೇನು?"

"ಇಲ್ರಿ. ಅವುಗಳ ನಡುವ ಭಾಳ ಜಾಗ ಐತಿ, ಹಾದು ಹೋಗ್ತಾವ. ಅನಿಲದ ಮೋಡ ಒತ್ತಿಕೊಂಡು ಹೊಸ ನಕ್ಷತ್ರ ಹುಟ್ತಾವ. ಈ ನೀಲಿ ಚುಕ್ಕಿ ಅವೇ. ನಾ ಸೀರಿ ಬದಲಿಸಿ ಬರ್ತೀನಿ. ಬರೇ ಕಾಯ್ರಿ, ಏನೂ ಮಾಡಬ್ಯಾಡ್ರಿ!"

ಏನೂ ಮಾಡದಿರುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ಸುಳಿಗಳಿಂದ ಉದ್ದನೆಯ ಬಾಲಗಳು ಹೊರಚೆಲ್ಲಿದ್ದವು. ಪಾಪ, ಕೈ ನಡುಗಿರಬೇಕು! ಕರವಸ್ತ್ರದಿಂದ ಅವನ್ನು ಶಾಸ್ತ್ರೋಕ್ತವಾಗಿ ಒರೆಸಿದೆ. ಆಗ ಒಂದು ಸುಳಿ ಚಿಕ್ಕದೆನಿಸಿತು. ಹಿಗ್ಗಿಸಿದೆ. ನೀಲಿ ಪುಡಿ ಹೋಗಿ ಪಕ್ಕದ ಕೆಂಪು ಪುಡಿಗೆ ಬೆರೆಯಿತು. ಬೇರೆ ಮಾಡಲು ಊದಿದೆ. ನನ್ನ ಉಸಿರಿನ ಬಲ ನನಗೇ ಗೊತ್ತಿರಲಿಲ್ಲ! ಕೊನೆಗೆ ಎಲ್ಲವನ್ನೂ ಅಂಗೈಯಿಂದ ಸವರಿ ಗುಂಡಗೆ ಮಾಡಿಟ್ಟೆ.

ಸುಮಿತ್ರಾ ಬಂದಳು. "ಬಾಲ ಎಲ್ಲಿ ಹೋದುವ್ರಿ?"

"ಹೊಲಸಾಗಿತ್ತು. ಸ್ವಚ್ಛ ಮಾಡೀನಿ."

"ಒಂದನ್ನೊಂದು ಜಗ್ಗಿದಾಗ ಬರೋ ಬಾಲ ಅವು! ಅವಿಲ್ಲಂದ್ರ ಡಿಕ್ಕಿ ಎಲ್ಲೈತ್ರಿ?" ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ತೀರ್ಪುಗಾರರು ಬಂದೇಬಿಟ್ಟರು. ನಿವೃತ್ತ ಭೌತಶಾಸ್ತ್ರದ ಪ್ರೊಫೆಸರು!

ಬಗ್ಗಿ ನೋಡಿದರು. "ವಾಹ್! ಡಿಕ್ಕಿ ಮುಗಿದು ಎರಡೂ ಕೂಡಿದ ಮುದಿ ಗೆಲಾಕ್ಸಿ! ಅನಿಲ ಖಾಲಿ, ಹೊಸದೇನೂ ಹುಟ್ಟಂಗಿಲ್ಲ, ಸುಮ್ಮನ ಗುಂಡಗ ಕುಂತೈತಿ."

ನಾನು ತಕ್ಷಣ ಚೌಕಾಸಿಗಿಳಿದೆ. "ಹಂಗಾದ್ರ ಮೊದಲನೇ ಬಹುಮಾನ ಕೊಡ್ರಿ ಸರ್."

"ನವಿಲು ಚಂದ ಐತ್ರಿ."

"ಹೋಗ್ಲಿ, ಎರಡನೇದು?"

ಇಳಿದು ಇಳಿದು ಸಮಾಧಾನಕರ ಬಹುಮಾನಕ್ಕೆ ಕುದುರಿತು. ಬದುಕಿನಲ್ಲಿ ಮೊದಲ ಸಲ ಚೌಕಾಸಿಯಲ್ಲಿ ನಾನೇ ಇಳಿದಿದ್ದೆ!

"ಖರೇ ಹೇಳ್ರಿ ತಾಯಿ," ಎಂದರು ಪ್ರೊಫೆಸರು, "ಇಷ್ಟು ಕರಾರುವಾಕ್ಕಾಗಿ ಯಾವ ಚಿತ್ರ ನೋಡಿ ಬಿಡಿಸಿದ್ರಿ?"

ಸುಮಿತ್ರಾ ಕಣ್ಣೊರೆಸಿಕೊಂಡು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಚಿತ್ರ ಯಾಕ್ರಿ ಸರ್? ಮನಿಯೊಳಗ ದಿನಾ ಎದುರಿಗೇ ಕುಂತಿರ್ತೈತಿ."

ಉಸಿರು ಬಿಗಿಹಿಡಿದು ನನ್ನ ಗುಂಡನೆಯ ಹೊಟ್ಟೆಯನ್ನು ಒಳಗೆಳೆದುಕೊಳ್ಳಲು ನೋಡಿದೆ. ಅದು ಒಳಗೆ ಹೋಗಲಿಲ್ಲ!