ಈಟಿ ಮಾರಿದವನೇ ಗುರಾಣಿ ಮಾರಿದರೆ

ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಗಾದೆ ಉಂಟು. ಆ ಗಾದೆ ಕಟ್ಟಿದವರು ಅಂಗಡಿ ಇಟ್ಟವರಲ್ಲ. ಒಮಾನಿನ ಘಾಲಾದ ಹಾರ್ಡ್‌ವೇರ್ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಕೌಂಟರಿನ ಹಿಂದೆ ನಿಂತಿದ್ದೇನೆ. ನನ್ನ ಮಾತೇ ನನ್ನನ್ನು ಸಿಕ್ಕಿಸಿ ಹಾಕದ ವಾರವೇ ಇಲ್ಲ.

ಬೀಗ

ಒಂದು ಬೆಳಿಗ್ಗೆ ಪಕ್ಕದ ಸೈಟಿನ ಚೀನೀ ಇಂಜಿನಿಯರ್ ಬಂದರು. ಸಾಮಾನಿನ ಕಂಟೇನರಿಗೆ ಬೀಗ ಬೇಕಿತ್ತು.

"ಆನೆ ಬಂದರೂ ಮುರಿಯಲಿಕ್ಕಿಲ್ಲ ಸಾರ್" ಎಂದೆ.

ಬೀಗ ತೆಗೆದುಕೊಂಡರು. ಆಮೇಲೆ ಕಬ್ಬಿಣ ಕತ್ತರಿಸುವ ಕಟರ್ ಕೇಳಿದರು.

"ಇದು ಕತ್ತರಿಸದ ಬೀಗ ಇಡೀ ಒಮಾನಿನಲ್ಲಿಲ್ಲ ಸಾರ್."

ಅವರು ಎರಡನ್ನೂ ಎರಡು ಕೈಯಲ್ಲಿ ಹಿಡಿದು, "ಈ ಕಟರನ್ನು ಈ ಬೀಗಕ್ಕೆ ಹಾಕಿದರೆ?" ಎಂದು ಕೇಳಿದರು.

ನಾನು ತಡವರಿಸಲಿಲ್ಲ. "ಅದಕ್ಕೇ ಎರಡನ್ನೂ ನೀವೇ ಕೊಂಡುಹೋಗಿ. ಕಟರ್ ಕಳ್ಳನ ಕೈಗೆ ಯಾಕೆ ಸಿಗಬೇಕು?"

ಚೂ ರಾಜ್ಯದ ವ್ಯಾಪಾರಿ

ಅವರು ಹೊಟ್ಟೆ ಹಿಡಿದು ನಕ್ಕರು. ರಟ್ಟಿನ ಡಬ್ಬದ ಮೇಲೆ ಎರಡು ಚೀನೀ ಅಕ್ಷರ ಬರೆದು, "ಮಾವ್ ಅಂದರೆ ಈಟಿ, ದುನ್ ಅಂದರೆ ಗುರಾಣಿ" ಎಂದು ಕತೆ ಹೇಳಿದರು.

ಎರಡು ಸಾವಿರ ವರ್ಷಕ್ಕೂ ಹಿಂದೆ ಚೀನಾದ ಚೂ ರಾಜ್ಯದಲ್ಲಿ ಒಬ್ಬ ವ್ಯಾಪಾರಿಯಿದ್ದನಂತೆ. ನನ್ನ ಗುರಾಣಿಯನ್ನು ಯಾವ ಈಟಿಯೂ ತೂರದು ಅಂದ. ನನ್ನ ಈಟಿ ತೂರದ ಗುರಾಣಿಯೇ ಇಲ್ಲ ಅಂತಲೂ ಅಂದ. ನಿಂತವರಲ್ಲೊಬ್ಬ, "ನಿನ್ನ ಈಟಿಯಿಂದ ನಿನ್ನ ಗುರಾಣಿಗೇ ಚುಚ್ಚಿದರೆ?" ಎಂದು ಕೇಳಿದ. ಹಳೆಯ ತತ್ವಜ್ಞಾನಿಯೊಬ್ಬರು ಇದನ್ನು ಬರೆದಿಟ್ಟರು. ಅಂದಿನಿಂದ ತನ್ನ ಮಾತಿಗೆ ತಾನೇ ಅಡ್ಡ ಬರುವುದಕ್ಕೆ ಚೀನಾದಲ್ಲಿ ಈಟಿ-ಗುರಾಣಿ ಅನ್ನುತ್ತಾರಂತೆ.

"ವ್ಯಾಪಾರಿ ಏನು ಉತ್ತರ ಕೊಟ್ಟ ಸಾರ್?"

"ಬಾಯಿ ಮುಚ್ಚಿದ."

"ಹಾಗಾದರೆ ಅವನು ನಮ್ಮ ಮಂಗಳೂರು ಕಡೆಯವನಲ್ಲ ಬಿಡಿ."

ಪರೀಕ್ಷೆ

ತಿಂಗಳೊಳಗೆ ಅವರದ್ದೇ ಫೋನು. ಬೀಗದ ಕೀಲಿ ಕಳೆದಿದೆ, ಕಟರ್ ಕಂಟೇನರಿನ ಒಳಗಿದೆ!

ಇನ್ನೊಂದು ಕಟರ್ ಹಿಡಿದು ಓಡಿದೆ. ಸೈಟಿನವರೆಲ್ಲ ಸುತ್ತ ನಿಂತಿದ್ದರು. ಬೀಗ ತುಂಡಾದರೆ ಬೀಗದ ಮಾನ ಹೋಯಿತು, ಆಗದಿದ್ದರೆ ಕಟರಿನದ್ದು. ಬೆವರಿಳಿಯಿತು. ಜೀವ ಬಿಟ್ಟು ಒತ್ತಿದೆ. ಟಣ್ ಎಂದು ಬೀಗ ತುಂಡಾಯಿತು, ಕಟರಿನ ಬಾಯಿಯೂ ಮುರಿಯಿತು.

"ಇಬ್ಬರೂ ಗೆದ್ದರು ಸಾರ್!" ಎಂದೆ.

ಈ ಸಲ ಅವರು ಕೀಲಿಯೇ ಬೇಡವೆಂದು ನಂಬರ್ ಬೀಗ ಕೊಂಡರು. "ಇದರ ನಂಬರು ನಿಮ್ಮನ್ನು ಬಿಟ್ಟು ಪ್ರಪಂಚದಲ್ಲಿ ಯಾರಿಗೂ ಗೊತ್ತಾಗಲಿಕ್ಕಿಲ್ಲ" ಎಂದು ಭರವಸೆ ಕೊಟ್ಟೆ.

"ನಾನೇ ಮರೆತರೆ?"

"ನನಗೆ ಫೋನ್ ಮಾಡಿ ಸಾರ್, ಹೇಳ್ತೇನೆ."

ರುಸ್ತಾಕಿನ ಜೇನು

ಮೊನ್ನೆ ಶುಕ್ರವಾರ ಹೆಂಡತಿಯೊಂದಿಗೆ ರುಸ್ತಾಕ್ ಪಟ್ಟಣಕ್ಕೆ ಹೋಗಿದ್ದೆ. ಅಲ್ಲಿನ ಮಾರ್ಕೆಟಿನಲ್ಲಿ ಒಮಾನಿ ಅಜ್ಜನೊಬ್ಬ ಜೇನು ಮಾರುತ್ತಿದ್ದ. ಅವನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು.

"ನನಗೆ ನಿದ್ದೆಯೇ ಬರುವುದಿಲ್ಲ" ಎಂದೆ.

"ಈ ಜೇನು ತಿನ್ನು, ಮಗುವಿನ ಹಾಗೆ ಮಲಗುತ್ತಿ."

ಹೆಂಡತಿ ಹೇಳಿದಳು, "ನನಗೆ ಹಗಲೆಲ್ಲ ತೂಕಡಿಕೆ."

ಅಜ್ಜ ಅದೇ ಬಾಟಲಿ ಎತ್ತಿದ. "ಇದು ತಿನ್ನಮ್ಮ, ನಿದ್ದೆ ಹಾರಿಹೋಗುತ್ತದೆ."

ನಾನು ಎದೆ ಉಬ್ಬಿಸಿದೆ. ಹದಿನಾರು ವರ್ಷದ ಅನುಭವ! "ಒಂದೇ ಜೇನು ನಿದ್ದೆ ಬರಿಸುವುದೂ ಹೌದು, ಓಡಿಸುವುದೂ ಹೌದಾ ಅಜ್ಜ?"

ಅಜ್ಜ ನಮ್ಮಿಬ್ಬರನ್ನೂ ಕನಿಕರದಿಂದ ನೋಡಿದ.

"ನಿನಗಿಲ್ಲದ ನಿದ್ದೆಯನ್ನು ಜೇನು ಎಲ್ಲಿಂದ ತರಬೇಕು? ಇವಳಲ್ಲಿ ಹೆಚ್ಚಾದದ್ದನ್ನು ತೆಗೆದು ನಿನಗೆ ಕೊಡುತ್ತದೆ. ಅದಕ್ಕೇ ಇಬ್ಬರಿಗೂ ಒಂದೊಂದು ಬಾಟಲಿ ಬೇಕು. ಯಲ್ಲಾ, ಬೇಗ ಚೀಲ ತೆಗಿ!"